ಅಳಿಯನ ಅಳತೆಯ ಬೆಲ್ಲ

9 ಜೂನ್ 1986, ಸೋಮವಾರ

ಗುಬ್ಬೀ,

ನೀನು ಹೊರಟು ಇವತ್ತಿಗೆ ಐದು ವಾರ. ಇನ್ನು ಹನ್ನೆರಡು ಉಳಿದಿವೆ. ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತಿರುವುದು ನಾನಲ್ಲ, ನಿಮ್ಮಪ್ಪ. ನಾನು ಬರೀ ಎಣಿಸುತ್ತೇನೆ.

ಇಲ್ಲಿ ಎಲ್ಲರೂ ಕ್ಷೇಮ. ಮಾವ ಚೆನ್ನಾಗಿದ್ದಾರೆ. ಪಂಪಿನ ಕಾರ್ಖಾನೆಯಲ್ಲಿ ನನಗೆ ಬೆಳಗಿನ ಪಾಳಿ, ಮೂರು ಗಂಟೆಗೆಲ್ಲ ಮನೆಯಲ್ಲಿರುತ್ತೇನೆ. ಅನ್ನ ಈಗ ಅನ್ನದ ಹಾಗೇ ಆಗುತ್ತಿದೆ. ಮೊದಲ ವಾರದ ಅನ್ನದಲ್ಲಿ ಗೋಡೆಯ ಬಿರುಕು ಮುಚ್ಚಬಹುದಾಗಿತ್ತು.

ಒಂದು ಸಣ್ಣ ವಿಷಯ. ಭಾನುವಾರ ನೀನು ಮಾಡುತ್ತಿದ್ದೆಯಲ್ಲ, ನಿಮ್ಮ ತೌರಿನ ಗುಜರಾತಿ ದಾಳ್, ಬೆಲ್ಲ ಹಾಕಿ, ಮೇಲೆ ಕಡಲೆಕಾಯಿ ಬೀಜ ತೇಲುವಂಥದ್ದು, ಅದನ್ನು ಹೇಗೆ ಮಾಡುವುದು ಅಂತ ಬರೆದು ಕಳಿಸು. ಬೇರೇನಿಲ್ಲ, ಬಾಯಿ ಚಪಲ. ಅವಸರವೂ ಇಲ್ಲ. ಆದರೆ ಈ ಕಾಗದ ಕೈಸೇರಿದ ದಿನವೇ ಬರೆದರೆ ಒಳ್ಳೆಯದು.

ಕೃತಕ ಕಾಲು ಮಾಡುವ ತರಬೇತಿ ಎಲ್ಲಿಗೆ ಬಂತು? ಹದಿಮೂರು ಗಂಡಸರ ಮಧ್ಯೆ ಒಬ್ಬಳೇ ಅಂತ ಹೆದರಬೇಡ. ಅವರೇ ಹೆದರಿರುತ್ತಾರೆ.

ನಿನ್ನ ಫಿಟ್ಟರ್


16 ಜೂನ್ 1986

ಫಿಟ್ಟರ್ ಸಾಹೇಬರಿಗೆ,

ಕಾಗದ ಓದಿ ಕಣ್ಣುಜ್ಜಿಕೊಂಡೆ. ಹನ್ನೊಂದು ವರ್ಷದಲ್ಲಿ ನೀವು ಆ ದಾಳನ್ನು ಎರಡನೇ ಸಲ ಬಡಿಸಿಕೊಂಡದ್ದು ನನಗೆ ನೆನಪಿಲ್ಲ. ದೂರ ಹೋದ ಮೇಲೆ ಹೆಂಡತಿಗೂ ಬೇಳೆಗೂ ಬೆಲೆ ಬರುತ್ತದೆ ಅನ್ನಿ.

ಬರೆದುಕೊಳ್ಳಿ. ತೊಗರಿಬೇಳೆಯನ್ನು ಸ್ವಲ್ಪ ಹೊತ್ತು ನೆನೆಸಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಒಂದು ಸಣ್ಣ ಬಟ್ಟಲಲ್ಲಿ ಕಡಲೆಕಾಯಿ ಬೀಜವನ್ನೂ ಅದರೊಳಗೇ ಇಡಿ. ಬೆಂದ ಬೇಳೆಯನ್ನು ಕಡೆಗೋಲಿನಿಂದ ಚೆನ್ನಾಗಿ ಕಡೆದು ನೀರು ಬೆರೆಸಿ. ಅರಿಸಿನ, ಶುಂಠಿ, ಹಸಿಮೆಣಸಿನಕಾಯಿ, ಉಪ್ಪು, ಹುಣಸೆ ರಸ, ಒಂದು ಚೂರು ಬೆಲ್ಲ ಹಾಕಿ ಕುದಿಸಿ. ಆಮೇಲೆ ಒಗ್ಗರಣೆ: ಸಾಸಿವೆ, ಮೆಂತ್ಯ, ಜೀರಿಗೆ, ಒಂದು ತುಂಡು ಚಕ್ಕೆ, ಎರಡು ಲವಂಗ, ಇಂಗು, ಕರಿಬೇವು. ಎಲ್ಲ ಅಂದಾಜಿನ ಮೇಲೆ. ಕೈಗೆ ತಾನೇ ಗೊತ್ತಾಗುತ್ತದೆ.

ಇಲ್ಲಿ ಎಲ್ಲ ಚೆನ್ನಾಗಿ ನಡೆಯುತ್ತಿದೆ. ನನ್ನ ಪಾಲಿಗೆ ಬಂದಿರುವವರು ಒಬ್ಬ ಪೋಸ್ಟ್‌ಮ್ಯಾನ್. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಉಳಿದ ಮೋಟು ಕಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯಬೇಕು, ಅಚ್ಚಿಗೆ ಪ್ಲಾಸ್ಟರ್ ಸುರಿದು ಗಟ್ಟಿ ಮಾಡಿ ಅರದಿಂದ ತೀಡಬೇಕು, ಅದರ ಮೇಲೆ ಕಾಲು ಕೂರುವ ಗೂಡು ಕಟ್ಟಬೇಕು. ನನ್ನ ಮೊದಲನೇ ಕಾಲು ಮುಗಿಯಿತು. ಆಸ್ಪತ್ರೆಯಲ್ಲಿ ಬರೀ ಸೊಂಟದ ಪಟ್ಟಿ ಹೊಲಿಯುತ್ತಿದ್ದವಳು ಈಗ ಇಡೀ ಕಾಲು ಮಾಡಿದೆ ಅಂತ ಅಪ್ಪನಿಗೆ ಹೇಳಿ. ಅಪ್ಪ ಯಾಕೆ ಒಂದು ಸಾಲೂ ಬರೆಯುವುದಿಲ್ಲ?

ಗುಬ್ಬಿ


25 ಜೂನ್ 1986

ಗುಬ್ಬೀ,

‘ಅಂದಾಜು’ ಅನ್ನುವ ಅಳತೆ ನಮ್ಮ ಕಾರ್ಖಾನೆಯಲ್ಲಿಲ್ಲ. ಡ್ರಾಯಿಂಗಿನಲ್ಲಿ ‘ಸ್ವಲ್ಪ ದಪ್ಪ’ ಅಂತ ಬರೆದರೆ ಆ ಪಂಪು ನೀರೆತ್ತುವುದಿಲ್ಲ, ನಗೆಪಾಟಲಾಗುತ್ತದೆ. ನಿನ್ನ ದಾಳ್ ನಾಲ್ಕು ಸಲ ಮಾಡಿದೆ. ಒಂದು ಸಲ ಬೇಳೆ ತಳ ಹಿಡಿಯಿತು. ಒಂದು ಸಲ ಬೇಳೆ ಕೆಳಗೆ ಕೂತು ನೀರು ಮೇಲೆ ನಿಂತಿತು, ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ಮೂರನೆಯದರ ಹುಳಿಗೆ ನನ್ನ ಕಿವಿಯೇ ಅಲ್ಲಾಡಿತು. ನಾಲ್ಕನೆಯದು ನೋಡಲು ನಿನ್ನದರ ಹಾಗೇ ಇತ್ತು. ಅಷ್ಟೇ.

ನೆನೆಸುವ ‘ಸ್ವಲ್ಪ ಹೊತ್ತು’ ಎಷ್ಟು ನಿಮಿಷ? ‘ಒಂದು ಚೂರು’ ಬೆಲ್ಲ ಅಂದರೆ ಹೆಬ್ಬೆರಳಿನಷ್ಟೋ ಕಿರುಬೆರಳಿನಷ್ಟೋ? ಮೆಂತ್ಯ ಯಾವ ಬಣ್ಣಕ್ಕೆ ಬರಬೇಕು? ಬೇಗ ಬರಿ. ತುಂಬಾ ಬೇಗ ಬರಿ.

ನೀನಿದ್ದಿದ್ದರೆ ಇದು ಅರ್ಧ ಗಂಟೆಯ ಕೆಲಸ. ಮನೆಗೆ ಮನೆಯ ಹೆಂಗಸಿನ ಕೈಯೇ ಬೇಕು ಅನ್ನುವುದು ಸುಳ್ಳಲ್ಲ.

ಮಾವ ಚೆನ್ನಾಗಿದ್ದಾರೆ. ಕೈ ನಡುಕ ಅಂತ ಅವರು ಕಾಗದ ಬರೆದಿಲ್ಲ. ಅಂದರೆ, ವಯಸ್ಸಿನ ನಡುಕ. ನೀನು ಅದನ್ನೆಲ್ಲ ಯೋಚಿಸಬೇಡ.

ನಿನ್ನ ಫಿಟ್ಟರ್


1 ಜುಲೈ 1986

ಇವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ದಾಳಿನ ನೆಪ ಯಾಕೆ? ‘ವಾಪಸ್ ಬಾ’ ಅಂತ ಎರಡೇ ಮಾತಿನಲ್ಲಿ ಬರೆಯಬಹುದಿತ್ತು.

ಹೊರಡುವ ದಿನ ಟ್ರಂಕು ಹೊತ್ತು ಬಸ್ಸಿಗೆ ಏರಿಸಿದವರು ನೀವು. ‘ಗೆದ್ದು ಬಾ, ಮನೆ ನಾನು ನೋಡ್ಕೋತೀನಿ’ ಅಂದವರೂ ನೀವೇ. ಎಂಟು ವಾರಕ್ಕೆ ಬಾಯಿ ರುಚಿ ಕೆಟ್ಟುಹೋಯಿತು, ಮನೆಯ ಹೆಂಗಸಿನ ಕೈ ನೆನಪಾಯಿತು. ಅಪ್ಪನೂ ಮುನಿಸಿಕೊಂಡಿದ್ದಾರೆ ಅಂತ ಕಾಣುತ್ತದೆ. ಮಗಳು ಅಡುಗೆ ಮನೆ ಬಿಟ್ಟು ಹೋದಳು ಅಂತ ಇಬ್ಬರೂ ಸೇರಿ ಮೌನ ವ್ರತ ಹಿಡಿದಿದ್ದೀರಾ?

ನಾನು ಬರುವುದಿಲ್ಲ. ಆಗಸ್ಟ್ ಕೊನೆಯ ತನಕ ಇಲ್ಲೇ ಇರುತ್ತೇನೆ. ದಾಳಿನ ವಿಷಯ ಇನ್ನು ನನ್ನನ್ನು ಕೇಳಬೇಡಿ.

(ಸಹಿ ಹಾಕಿಲ್ಲ, ಯಾರು ಬರೆದದ್ದು ಅಂತ ನಿಮಗೆ ಗೊತ್ತು.)


21 ಜುಲೈ 1986, ಸೋಮವಾರ

ಗುಬ್ಬೀ,

ಇಷ್ಟು ದಿನ ಬರೆಯದೆ ಇದ್ದದ್ದು ಕೋಪದಿಂದಲ್ಲ. ಸುಳ್ಳು ಬರೆಯಲು ಇನ್ನು ಕೈ ಬರಲಿಲ್ಲ. ನಿಜ ಬರೆಯುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ನಿನ್ನೆ ಮಾವನೇ ‘ಈಗ ಬರೀರಿ’ ಅಂದರು. ಮೊದಲು ಒಂದು ಮಾತು: ಅವರು ಚೆನ್ನಾಗಿದ್ದಾರೆ. ಈ ಸಲ ನಿಜವಾಗಿಯೂ. ಈಗ ಕೂತು ಓದು.

ನೀನು ಹೋದ ಎರಡನೇ ವಾರ ಅವರಿಗೆ ಜ್ವರ ಬಂತು. ಜ್ವರ ಬಿಟ್ಟಿತು, ಹಸಿವು ಮಾತ್ರ ಮರಳಿ ಬರಲಿಲ್ಲ. ಅರ್ಧ ಲೋಟ ಹಾಲು, ಒಂದು ಚೂರು ಬ್ರೆಡ್ಡು, ಅಷ್ಟೇ ಊಟ. ಜೂನ್ ಶುರುವಾಗುವ ಹೊತ್ತಿಗೆ ಅವರ ಷರಟಿನ ಕಾಲರಿನೊಳಗೆ ನನ್ನ ನಾಲ್ಕು ಬೆರಳು ಹಿಡಿಸುತ್ತಿತ್ತು. ತಾವೇ ಅಳತೆ ತೆಗೆದು ಹೊಲಿದ ಷರಟು! ಟೈಲರಿಗೆ ಅದಕ್ಕಿಂತ ಅವಮಾನ ಉಂಟೇ? ಡಾಕ್ಟರು ನೋಡಿ, “ಇದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ. ಏನಾದ್ರೂ ಮಾಡಿ ಊಟ ಮಾಡ್ಸಿ. ಇಲ್ದಿದ್ರೆ ಆಸ್ಪತ್ರೆಗೆ ಸೇರ್ಸಿ ಮೂಗಿಗೆ ನಳಿಗೆ ಹಾಕ್ಬೇಕಾಗುತ್ತೆ” ಅಂದರು.

ಅವತ್ತೇ ನಿನಗೆ ಬರೆಯಲು ಕೂತೆ. ಮಾವ ನನ್ನ ಕೈ ಹಿಡಿದರು. “ಬರೆದ್ರೆ ಮುಂದಿನ ಬಸ್ಸಿಗೇ ಬರ್ತಾಳೆ. ಊರಿಗೆಲ್ಲ ಕಾಲು ಮಾಡಿಕೊಡೋಕೆ ಹೋದವಳಿಗೆ ನಾನು ಅಡ್ಡಗಾಲು ಹಾಕ್ಲಾ? ಮಾತು ಕೊಡಿ” ಅಂದರು. ಕೊಟ್ಟೆ. “ಹಾಗಾದ್ರೆ ಏನು ತಿಂತೀರಿ, ಅದನ್ನಾದ್ರೂ ಹೇಳಿ” ಅಂದೆ. ಗೋಡೆಯ ಕಡೆ ಮುಖ ಮಾಡಿ, “ದಾಳ್” ಅಂದರು. ನನ್ನ ಬಾಯಿ ಚಪಲದ ಕಥೆ ಇಷ್ಟು.

ಪ್ರತಿ ಸಲ ಮಾಡಿದಾಗಲೂ ಒಂದು ಚಮಚ ಬಾಯಿಗಿಟ್ಟು, “ಚೆನ್ನಾಗಿದೆ ಅಳಿಯಂದ್ರೇ” ಅಂದು ಬಟ್ಟಲು ಸರಿಸುತ್ತಿದ್ದರು. ಚೆನ್ನಾಗಿದ್ದರೆ ಬಟ್ಟಲು ಯಾಕೆ ಸರಿಸಬೇಕು? ನಿನ್ನ ಕೋಪದ ಕಾಗದ ಬಂದ ಮೇಲೂ ದಿನ ಬಿಟ್ಟು ದಿನ ಮಾಡುತ್ತಲೇ ಇದ್ದೆ. ಕಳೆದ ವಾರ ಅವರು ಬಚ್ಚಲಿಗೂ ನನ್ನ ಹೆಗಲು ಹಿಡಿದೇ ಹೋಗುತ್ತಿದ್ದರು.

ನಿನ್ನೆ ಭಾನುವಾರ, ಮಧ್ಯಾಹ್ನ. ಎಣ್ಣೆ ಕಾದಿತ್ತು, ಸಾಸಿವೆ ಸಿಡಿಯಿತು, ಮೆಂತ್ಯ ಹಾಕಿದೆ. ಇಂಗಿನ ಡಬ್ಬಿ ಎಲ್ಲಿ ಅಂತ ತಿರುಗಿದೆ, ಅಷ್ಟೇ. ಒಳಗಿನ ಕೋಣೆಯಿಂದ ಒಂದು ಗರ್ಜನೆ.

“ಮೆಂತ್ಯ! ಮೆಂತ್ಯ ಸೀದು ಹೋಗ್ತಿದೆ! ಇಳ್ಸ್ರೀ ಅದನ್ನ!”

ನೋಡುತ್ತೇನೆ, ಅಡುಗೆ ಮನೆಯ ಬಾಗಿಲಲ್ಲಿ ಮಾವ. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದು ಕೈ ಸೊಂಟದ ಮೇಲೆ. ಯಾರ ಆಸರೆಯೂ ಇಲ್ಲ.

“ಯಾರ ಮೇಲಿನ ಸಿಟ್ಟನ್ನ ಈ ಬೇಳೆ ಮೇಲೆ ತೀರಿಸ್ಕೋತಿದ್ದೀರಿ? ಒಂದು ತಿಂಗಳಿಂದ ಇದೇ ವಾಸನೆ!”

ನನಗೂ ರೇಗಿತು. “ಮಾವ, ನಿಮ್ಮ ಮಗಳು ಬರೆದ ಹಾಗೇ ಮಾಡ್ತಿದೀನಿ. ಒಂದು ಅಕ್ಷರ ತಪ್ಪಿಲ್ಲ!”

“ಅವಳು ಬರೆದದ್ದೇ ತಪ್ಪು!”

ಹಾಗಂದವರೇ ಬಾಯಿ ಮುಚ್ಚಿಕೊಂಡರು. ನಾನು ಸ್ಟೂಲು ಎಳೆದು ಕೂರಿಸಿ, ಒಲೆ ಆರಿಸಿ, ಹೇಳುವ ತನಕ ಬಿಡುವುದಿಲ್ಲ ಅಂತ ಎದುರಿಗೆ ಕೂತೆ. ಕೊನೆಗೆ ಹೇಳಿದರು, ನೆಲ ನೋಡುತ್ತಾ.

“ನಿಮ್ಮತ್ತೆ ಹುಣಸೆ ಹಾಕ್ತಿರಲಿಲ್ಲ. ಕೋಕಂ ಹಾಕ್ತಿದ್ಲು, ಆ ಒಣಗಿದ ಕಪ್ಪು ಸಿಪ್ಪೆ. ಅವಳು ಹೋದಾಗ ಮಗಳಿಗೆ ಹದಿನೇಳು ವರ್ಷ, ಎಲ್ಲಾ ಕಲ್ತಿರಲಿಲ್ಲ. ಅದು ಹೋಗ್ಲಿ. ಬೆಲ್ಲ ಮಾತ್ರ ಮಗಳು ಸರಿಯಾಗಿ ಹಾಕ್ತಿದ್ಲು. ಮದುವೆ ಆದ ಹೊಸದ್ರಲ್ಲಿ ಒಂದಿನ ದಾಳ್ ಬಡಿಸಿದ್ಲು. ನೀವು ಒಂದು ತುತ್ತು ಉಂಡು, ‘ಏನೇ, ನಿಮ್ಮನೇಲಿ ಬೇಳೆಗೂ ಸಕ್ಕರೆ ಕಾಯಿಲೆನಾ?’ ಅಂದ್ರಿ. ನಗ್ತಾನೇ ಅಂದ್ರಿ. ಅವಳೂ ನಕ್ಕಳು. ಮುಂದಿನ ಭಾನುವಾರದಿಂದ ಬೆಲ್ಲ ಇಳೀತು. ಅವತ್ತಿಂದ ಇವತ್ತಿನವರೆಗೆ ಈ ಮನೇಲಿ ಅಳಿಯನ ಅಳತೆಯ ಬೆಲ್ಲ.”

“ಹನ್ನೊಂದು ವರ್ಷ! ಒಂದು ಮಾತು ಹೇಳ್ಬಾರದಿತ್ತಾ?”

“ಮಗಳ ಸಂಸಾರದಲ್ಲಿ ಅಪ್ಪ ಆದವನು ಬೆಲ್ಲದ ಮಾತು ಎತ್ತಬಾರದು, ಅಳಿಯಂದ್ರೇ.”

ಗುಬ್ಬೀ, ನನಗೆ ಆ ತಮಾಷೆ ನೆನಪೇ ಇರಲಿಲ್ಲ. ಆಡಿದವನಿಗೆ ಆಟ, ಉಂಡವರಿಗೆ ಹನ್ನೊಂದು ವರ್ಷ. ಚಪ್ಪಲಿ ಮೆಟ್ಟಿ ಓಡಿದೆ. ಮೂರನೆಯ ದಿನಸಿ ಅಂಗಡಿಯಲ್ಲಿ ಕೋಕಂ ಸಿಕ್ಕಿತು. ವಾಪಸ್ ಬಂದಾಗ ಮಾವ ಸ್ಟೂಲಿನ ಮೇಲೆ ಕೂತೇ ಬೇಳೆ ಕಡೆಯುತ್ತಿದ್ದರು, ತೋಳಿನಲ್ಲಿ ಎಲುಬು ಬಿಟ್ಟರೆ ಏನೂ ಇಲ್ಲ, ಕಡೆಗೋಲು ಮಾತ್ರ ನಿಲ್ಲುತ್ತಿರಲಿಲ್ಲ. ಬೆಲ್ಲ ಅವರೇ ಹಾಕಿದರು. ನಾನು ಕಣ್ಣು ಬಿಟ್ಟು ನೋಡಿದೆ, ಬಾಯಿ ಬಿಡಲಿಲ್ಲ. ಕುದಿ ಬಂತು ಅಂತ ಇಳಿಸಲು ಹೋದರೆ ಕೈ ತಡೆದರು.

“ಕುದೀಲಿ. ಬೆಲ್ಲಕ್ಕೂ ಹುಳಿಗೂ ಜಗಳ ನಡೀತಿದೆ. ರಾಜಿ ಆಗೋ ತನಕ ಮಧ್ಯೆ ಹೋಗ್ಬೇಡಿ.”

ಅರ್ಧ ಗಂಟೆ ಕುದಿಯಿತು. ಮನೆಯ ವಾಸನೆಯೇ ಬದಲಾಯಿತು. ಅನ್ನಕ್ಕೆ ಹಾಕಿ ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಎರಡನೆಯದು, ಮೂರನೆಯದು. ತಟ್ಟೆ ಬರಿದಾಯಿತು. ಮುಂದೆ ಚಾಚಿದರು.

“ಇನ್ನೊಂದು ಸೌಟು.”

ನಾನು ಸೌಟು ಹಿಡಿದುಕೊಂಡೇ ಅತ್ತುಬಿಟ್ಟೆ. ಆಮೇಲೆ ನಾನೂ ಉಂಡೆ. ಸಿಹಿ ಅಂತ ಅನ್ನಿಸಲೇ ಇಲ್ಲ, ಸರಿ ಅಂತ ಅನ್ನಿಸಿತು.

‘ಮನೆಯ ಹೆಂಗಸಿನ ಕೈ’ ಅಂತ ಬರೆದದ್ದು ನಿನ್ನ ಕೈ ದೊಡ್ಡದು ಅನ್ನಲು. ಬರೆಯಲು ಬಾರದವನ ಹೊಗಳಿಕೆ ಅದು, ಬೈಗುಳದ ಹಾಗೆ ಕೇಳಿಸಿತು. ತಪ್ಪಾಯಿತು.

ನಿನ್ನ ಫಿಟ್ಟರ್


28 ಜುಲೈ 1986

ಇಬ್ಬರಿಗೂ,

ನಿಮ್ಮಿಬ್ಬರನ್ನೂ ಒಂದೇ ಕಂಬಕ್ಕೆ ಕಟ್ಟಿ ಬಡಿಯಬೇಕು. ಮೊದಲು ಅತ್ತೆ, ಆಮೇಲೆ ಬೈದೆ, ಆಮೇಲೆ ‘ಇನ್ನೊಂದು ಸೌಟು’ ಅನ್ನುವ ಸಾಲನ್ನು ಹಾಸ್ಟೆಲಿನ ಎಲ್ಲರಿಗೂ ಓದಿ ಹೇಳಿದೆ.

ನಾನೂ ಸಾಚಾ ಅಲ್ಲ. ‘ಎಲ್ಲ ಚೆನ್ನಾಗಿ ನಡೆಯುತ್ತಿದೆ’ ಅಂತ ಜೂನ್ ಹದಿನಾರಕ್ಕೆ ಬರೆದೆನಲ್ಲ, ಅದಕ್ಕೆ ಎರಡು ದಿನ ಮೊದಲು ಪೋಸ್ಟ್‌ಮ್ಯಾನ್ ನನ್ನ ಕಾಲು ತೊಟ್ಟು ನಾಲ್ಕು ಹೆಜ್ಜೆ ಹಾಕಿ ಕೂತುಬಿಟ್ಟರು. ಕಳಚಿ ನೋಡಿದರೆ ಚರ್ಮ ಸುಲಿದು ರಕ್ತ. ನಮ್ಮ ಮೇಷ್ಟ್ರು, ಅವರ ಮುಖ ನೋಡಿ ನಾವೆಲ್ಲ ಹುಣಸೆಹಣ್ಣು ಅಂತ ಕರೆಯುತ್ತೇವೆ, ಹದಿಮೂರು ಗಂಡಸರ ಎದುರಿಗೆ, “ಪಟ್ಟಿ ಹೊಲಿಯೋ ಕೈಗೆ ಇದು ಒಗ್ಗಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು” ಅಂದರು. ಎರಡನೇ ಕಾಲೂ ಹಾಗೇ ಆಯಿತು. ಜೂನ್ ಮೂವತ್ತಕ್ಕೆ ನಿಮ್ಮ ಕಾಗದ ಬಂದಾಗ ನನ್ನ ಟ್ರಂಕು ಅರ್ಧ ತುಂಬಿತ್ತು. ಮರುದಿನದ ಬಸ್ಸಿಗೆ ಹೊರಡುವವಳಿದ್ದೆ.

ಆಗ ಓದಿದೆ, ಮನೆಗೆ ಮನೆಯ ಹೆಂಗಸಿನ ಕೈಯೇ ಬೇಕು. ಎಂಥ ಸಿಟ್ಟು ಬಂತು ಅಂದರೆ ಮಡಿಸಿಟ್ಟ ಸೀರೆಗಳನ್ನೆಲ್ಲ ಒಂದೊಂದಾಗಿ ತೆಗೆದು ಮತ್ತೆ ಕಪಾಟಿಗೆ ಎಸೆದೆ. ನೀವು ನಿಜ ಬರೆದಿದ್ದರೂ ಬರುತ್ತಿದ್ದೆ, ನೆಟ್ಟಗೆ ಹೊಗಳಿದ್ದರೂ ಬರುತ್ತಿದ್ದೆ. ನಿಮ್ಮ ಸೊಟ್ಟ ಸಾಲು ನನ್ನನ್ನು ಇಲ್ಲಿ ಉಳಿಸಿತು. ಹೀಗೇ ಬರೆಯುತ್ತಿರಿ.

ಇನ್ನೊಂದು. ಪೋಸ್ಟ್‌ಮ್ಯಾನ್ ಬಹಳ ಸಾಧು ಮನುಷ್ಯ. “ಎಲ್ಲಿ ನೋಯುತ್ತೆ?” ಅಂತ ಕೇಳಿದಾಗಲೆಲ್ಲ, “ಪರವಾಗಿಲ್ಲಮ್ಮ, ಚೆನ್ನಾಗಿದೆ” ಅನ್ನುತ್ತಿದ್ದರು. ನಾನೂ ನಂಬುತ್ತಿದ್ದೆ. ಅಪ್ಪ ಚೆನ್ನಾಗಿದೆ ಅಂದು ಬಟ್ಟಲು ಸರಿಸಿದ್ದನ್ನು ಓದಿದ ಮೇಲೆ ಪೋಸ್ಟ್‌ಮ್ಯಾನ್ ಹೇಳುವ ‘ಚೆನ್ನಾಗಿದೆ’ಯೂ ಅಂಥದ್ದೇ ಅಂತ ಹೊಳೆಯಿತು. ಮರುದಿನ ಬೆಳಿಗ್ಗೆ ಅವರನ್ನು ಕೂರಿಸಿ, “ಇವತ್ತು ನೀವು ನನ್ನ ಬೈಬೇಕು. ಬೈದೆ ಎದ್ದು ಹೋಗೋ ಹಾಗಿಲ್ಲ” ಅಂದೆ. ಪಾಪ, ಮೊದಲು ನಾಚಿಕೊಂಡರು. ಆಮೇಲೆ ಶುರುವಾಯಿತು ನೋಡಿ! ಮೊಣಕಾಲಿನ ಪಕ್ಕದ ಮೂಳೆಗೆ ಚುಚ್ಚುತ್ತದೆ, ಹಿಂದಿನ ಅಂಚು ಕತ್ತಿಯ ಹಾಗಿದೆ, ಕೆಳಗೆ ಜೋಲುತ್ತದೆ, ಇದೆಂಥ ಕಾಲು, ಇದು ಕಾಲೋ ಕೊಡವೋ! ಅರ್ಧ ಗಂಟೆ ಬೈದರು. ನಾನು ನೀಲಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಮೂರನೇ ಅಚ್ಚು ತೆಗೆದಿದ್ದೇನೆ.

ಬೆಲ್ಲದ ವಿಷಯ ನನಗೆ ನೆನಪಿದೆ. ಒಂದೊಂದೇ ಭಾನುವಾರ ಇಳಿಸಿದೆ, ಕೊನೆಗೆ ಅಮ್ಮನ ರುಚಿ ಹೇಗಿತ್ತು ಅನ್ನುವುದೇ ಮರೆಯಿತು. ಅಪ್ಪ ಹೇಳಿದ ಹಾಗೆ ಬರೆದು ಕಳಿಸಿ. ಫಿಟ್ಟರ್ ಅಳತೆಯಲ್ಲಿ.

ಗುಬ್ಬಿ


6 ಆಗಸ್ಟ್ 1986

ಗುಬ್ಬೀ,

ಅಳತೆ ತೆಗೆಯುವುದು ಸುಲಭವಾಗಲಿಲ್ಲ. ಮಾವ ‘ಒಂದು ಹಿಡಿ’ ಅಂದರೆ ನಾನು ಅವರ ಹಿಡಿಯನ್ನು ತಕ್ಕಡಿಗೆ ಬಗ್ಗಿಸಿದೆ. “ನನ್ನನ್ನೂ ತೂಗ್ಬಿಡಿ” ಅಂತ ರೇಗಿದರು. ಅದನ್ನೂ ಮಾಡಿದೆ, ಡಾಕ್ಟರ ಹತ್ತಿರ. ಎರಡು ವಾರದಲ್ಲಿ ಎರಡೂವರೆ ಕಿಲೋ ಏರಿದ್ದಾರೆ.

ತೊಗರಿಬೇಳೆ ಇನ್ನೂರು ಗ್ರಾಂ, ನೆನೆಸುವುದು ನಲವತ್ತು ನಿಮಿಷ. ಕಡಲೆಕಾಯಿ ಬೀಜ ನಲವತ್ತು ಗ್ರಾಂ. ಕಡೆದ ಮೇಲೆ ಬೇಳೆಯ ಒಂದು ಕಣವೂ ಬೆರಳಿಗೆ ಸಿಗಬಾರದು. ಆಮೇಲೆ ಐದು ಲೋಟ ನೀರು. ಕೋಕಂ ಆರು ಸಿಪ್ಪೆ. ಬೆಲ್ಲ ಅರವತ್ತು ಗ್ರಾಂ (ಇದನ್ನು ಬರೆಯುವ ಮೊದಲು ಮೂರು ಸಲ ತೂಗಿದೆ, ಆದರೂ ಅರವತ್ತೇ). ಕುದಿ ಬಂದ ಮೇಲೆ ಮೂವತ್ತು ನಿಮಿಷ ಸಣ್ಣ ಉರಿ. ಒಗ್ಗರಣೆಯ ಮೆಂತ್ಯ ನಿನ್ನ ಹಳೆಯ ಕಂದು ಶಾಲಿನ ಬಣ್ಣಕ್ಕೆ ಬಂದ ಕೂಡಲೇ ಇಂಗು ಹಾಕಿ ಸುರಿ. ಡಬ್ಬಿಗಳನ್ನೆಲ್ಲ ಮೊದಲೇ ಮುಚ್ಚಳ ತೆಗೆದು ಸಾಲಾಗಿ ಇಟ್ಟುಕೋ. ಅನುಭವದ ಮಾತು. ಉಳಿದದ್ದೆಲ್ಲ ನೀನು ಬರೆದ ಹಾಗೇ.

ಮೊನ್ನೆ ಭಾನುವಾರ ನಾನೊಬ್ಬನೇ ಮಾಡಿದೆ. ಮಾವ ಅಡುಗೆ ಮನೆಯ ಕಡೆ ತಲೆ ಹಾಕಲಿಲ್ಲ. ಕೋಲು ಹಿಡಿದು ರಸ್ತೆಯ ತುದಿಯ ಟೈಲರ್ ಅಂಗಡಿಗೆ ಹೋಗಿ, ಅಲ್ಲಿಯವನು ಕಾಲರ್ ಕತ್ತರಿಸುವ ರೀತಿಗೆ ತಕರಾರು ಮಾಡಿ, ಹಸಿದುಕೊಂಡು ಬಂದರು. ಉಂಡರು. ಮೂರು ಸಲ ಬಡಿಸಿಕೊಂಡರು. ಕೈ ತೊಳೆದು ಬಂದು ನನ್ನ ಮುಖ ನೋಡಿ, “ಚೆನ್ನಾಗಿಲ್ಲ ಅಳಿಯಂದ್ರೇ. ಉಪ್ಪು ಒಂದು ಕಲ್ಲು ಹೆಚ್ಚಾಯ್ತು” ಅಂದರು.

ಹದಿನೆಂಟು ವರ್ಷದ ಕೆಲಸದಲ್ಲಿ ನನಗೆ ಯಾವ ಮೇಸ್ತ್ರಿಯ ಶಭಾಸ್‌ಗಿರಿಯೂ ಇಷ್ಟು ಖುಷಿ ಕೊಟ್ಟಿಲ್ಲ. ಹನ್ನೊಂದು ವರ್ಷಕ್ಕೆ ಮೊದಲ ಸಲ ಮಾವ ನನ್ನ ಎದುರಿಗೆ ‘ಚೆನ್ನಾಗಿಲ್ಲ’ ಅಂದರು!

ನಿನ್ನ ಫಿಟ್ಟರ್


29 ಆಗಸ್ಟ್ 1986, ಶುಕ್ರವಾರ

ನನ್ನ ಫಿಟ್ಟರಿಗೆ, ಅಪ್ಪನಿಗೆ,

ಬುಧವಾರ ಪರೀಕ್ಷೆ ಆಯಿತು. ಹೊರಗಿನಿಂದ ಬಂದ ಪರೀಕ್ಷಕರು ಉದ್ದದ ಪಡಸಾಲೆಯ ಕೊನೆಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ನನ್ನ ಸರದಿ ಬಂತು. ಪೋಸ್ಟ್‌ಮ್ಯಾನ್ ಇಸ್ತ್ರಿ ಮಾಡಿದ ಖಾಕಿ ತೊಟ್ಟುಕೊಂಡೇ ಬಂದಿದ್ದರು. ನಾನು ಮೊಣಕಾಲೂರಿ ಕಾಲು ತೊಡಿಸಿ ಪಟ್ಟಿ ಬಿಗಿದೆ. “ಹತ್ತು ಹೆಜ್ಜೆ ನಡೀರಿ” ಅಂದರು ಪರೀಕ್ಷಕರು.

ಪೋಸ್ಟ್‌ಮ್ಯಾನ್ ನಡೆದರು. ನಾನು ಮುಖ ನೋಡಲಿಲ್ಲ, ಹೆಜ್ಜೆಯ ಸದ್ದು ಕೇಳುತ್ತಾ ಎಣಿಸಿದೆ. ಹತ್ತಾಯಿತು. ಸದ್ದು ನಿಲ್ಲಲಿಲ್ಲ. ತಲೆಯೆತ್ತಿ ನೋಡಿದರೆ ಮನುಷ್ಯ ಪಡಸಾಲೆ ದಾಟಿ, ಮೂರು ಮೆಟ್ಟಿಲು ಇಳಿದು, ಗೇಟಿನಿಂದ ಹೊರಗೆ! ಪರೀಕ್ಷಕರು ಎದ್ದು ನಿಂತರು, ಹುಣಸೆಹಣ್ಣು ಓಡಿದರು, ಅವರ ಹಿಂದೆ ನಾನು, ನನ್ನ ಹಿಂದೆ ಹದಿಮೂರು ಗಂಡಸರು. ಪೋಸ್ಟ್‌ಮ್ಯಾನ್ ರಸ್ತೆ ದಾಟಿ ಎದುರಿನ ಟೀ ಅಂಗಡಿಯಲ್ಲಿ ನಿಂತು, ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಬಿಟ್ಟು, ಟೀ ಆರಿಸಿಕೊಳ್ಳುತ್ತಿದ್ದರು.

“ಏನ್ರೀ ಇದು? ಹತ್ತು ಹೆಜ್ಜೆ ತಾನೇ ಹೇಳಿದ್ದು?” ಅಂದರು ಮೇಷ್ಟ್ರು, ಏದುಸಿರು ಬಿಡುತ್ತಾ.

“ಹತ್ತು ನಿಮ್ಮ ಮಾತಿಗೆ ಹಾಕಿದೆ ಸಾರ್. ಹನ್ನೊಂದನೇದರಿಂದ ನನ್ನ ಖುಷಿಗೆ.”

ಕಾಲು ಕಳಚಿ ನೋಡಿದರು. ಚರ್ಮದ ಮೇಲೆ ಒಂದು ಕೆಂಪು ಗೆರೆಯೂ ಇಲ್ಲ. ಹದಿನಾಲ್ಕು ಜನರಲ್ಲಿ ನಾನು ಮೊದಲನೆಯವಳು. ನಮ್ಮ ಆಸ್ಪತ್ರೆಯ ಹಿಂದಿನ ಶೆಡ್ಡನ್ನು ಕಾರ್ಯಾಗಾರ ಮಾಡಿ ನನ್ನ ಕೈಗೆ ಕೊಡಬೇಕು ಅಂತ ಶಿಫಾರಸಿನ ಕಾಗದವೂ ಹೋಗಿದೆ. ಬರೆದವರು ಯಾರು ಗೊತ್ತೇ? ಹುಣಸೆಹಣ್ಣು.

ನಿನ್ನೆ ಹಾಸ್ಟೆಲಿನ ಸೀಮೆಎಣ್ಣೆ ಒಲೆಯ ಮೇಲೆ ಎಲ್ಲರಿಗೂ ದಾಳ್ ಮಾಡಿದೆ. ನಿಮ್ಮ ಅಳತೆಯನ್ನು ನಾಲ್ಕರಿಂದ ಗುಣಿಸಿದೆ. ಕುದಿಯುವಾಗ ರುಚಿ ನೋಡಲು ಅಂಗೈಗೆ ಒಂದು ತೊಟ್ಟು ಹಾಕಿ ನಾಲಿಗೆಗೆ ಮುಟ್ಟಿಸಿದೆ. ಅಪ್ಪಾ, ಅಮ್ಮ ಹೋಗಿ ಹದಿನೇಳು ವರ್ಷ ಆಯಿತು. ಅವಳ ದನಿ ಹೇಗಿತ್ತು ಅನ್ನುವುದೂ ಮರೆತಿದೆ. ಈ ರುಚಿಗೆ ಅದು ಕೇಳಿಸಿತು, ‘ಇಷ್ಟು ಬಿಸೀದು ಬಾಯಿಗೆ ಹಾಕ್ಬೇಡ ಕಣೇ’ ಅಂದ ಹಾಗೆ. ಸೌಟು ಕೆಳಗಿಟ್ಟು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಉಳಿದದ್ದು ಏನೂ ಇಲ್ಲ, ಪಾತ್ರೆ ತೊಳೆಯುವ ಕೆಲಸವೂ ಉಳಿಯದ ಹಾಗೆ ಬಳಿದರು.

ಅಪ್ಪಾ, ನನ್ನ ಸಂಸಾರದಲ್ಲಿ ಇನ್ನು ಮುಂದೆ ಬೆಲ್ಲದ ಮಾತು, ಉಪ್ಪಿನ ಮಾತು, ಎಲ್ಲ ಮಾತೂ ನೀವು ಎತ್ತಬೇಕು. ಜೋರಾಗಿ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಸ್ಸು ಬರುತ್ತದೆ. ಅಂಚೆಗೆ ಹಾಕಿದರೆ ಈ ಕಾಗದ ನನಗಿಂತ ತಡವಾಗಿ ತಲುಪುತ್ತದೆ ಅಂತ ಇವತ್ತಿನ ಬಸ್ಸಿನ ಕಂಡಕ್ಟರ್ ಕೈಯಲ್ಲೇ ಕಳಿಸುತ್ತಿದ್ದೇನೆ. ನಾನು ಅಡುಗೆ ಮನೆಗೆ ಕಾಲಿಡುವುದಿಲ್ಲ. ನೀವಿಬ್ಬರೂ ಸೇರಿ ಮಾಡಿ, ನೀವಿಬ್ಬರೂ ಸೇರಿ ಬಡಿಸಿ. ಹಿಂದಿನ ದಿನದಿಂದ ಏನೂ ತಿನ್ನದೆ ಬರುತ್ತೇನೆ.

ನಿಮ್ಮ ಗುಬ್ಬಿ